ಬುಡದ ಮಣ್ಣು ಸರಿಸಿ ನೋಡಿ

ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರು ಗೃಹಪ್ರವೇಶ ಮುಗಿದ ಬೆನ್ನಿಗೇ ಹಣ್ಣಿನ ಗಿಡ ತಂದು ನೆಡುತ್ತಾರೆ. ಕಾಂಪೌಂಡಿನ ಮೂಲೆಗೊಂದು ಮಲ್ಲಿಕಾ ಮಾವು, ಹಿತ್ತಿಲಿಗೆ ಸೀಬೆ, ಸಪೋಟ, ನಿಂಬೆ, ಸಂಪಿನ ಪಕ್ಕಕ್ಕೆ ಪರಂಗಿ, ಈಚೀಚೆಗೆ ಬೆಣ್ಣೆಹಣ್ಣು. ಮೊದಲೆರಡು ವರ್ಷ ಗಿಡಗಳು ಹುಲುಸಾಗಿ ಬರುತ್ತವೆ. ಆಮೇಲೆ ಒಂದೊಂದಾಗಿ ನಿಂತುಬಿಡುತ್ತವೆ. ಎಲೆಯ ತುದಿ ಸುಡುತ್ತದೆ, ಚಿಗುರು ಮುರುಟುತ್ತದೆ, ಹೂವು ಕಾಣುವುದಿಲ್ಲ, ಕಂಡರೂ ಕಾಯಿ ಕಚ್ಚುವುದಿಲ್ಲ. ಆಗ ಗೊಬ್ಬರದ ಅಂಗಡಿಗೆ ಓಡಾಟ ಶುರುವಾಗುತ್ತದೆ.

ಅಂಥದೇ ಒಂದು ಮನೆಯ ಅಂಗಳದಲ್ಲಿ, ಮೃಗಶಿರ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಇಬ್ಬರು ಮಾತಾಡುತ್ತಿದ್ದರು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ಮನೆಯೊಡತಿ. ಇನ್ನೊಬ್ಬರು ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು, ಎರಡು ಬೀದಿಯಾಚೆಯ ನೆರೆಯವರು.

“ಎಲ್ಲ ಹಾಕಿದ್ದಾಯಿತು ಸರ್,” ಎಂದರು ಆಕೆ ಮಾವಿನ ಗಿಡದ ಮುಂದೆ ನಿಂತು. “ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ನೈಂಟೀನ್ ಆಲ್, ಎಲ್ಲಾನೂ. ಗಿಡ ಮಾತ್ರ ಇದ್ದಂಗೇ ಇದೆ. ಇನ್ನೇನು ಹಾಕಲಿ?”

“ಸದ್ಯಕ್ಕೆ ಏನೂ ಹಾಕಬೇಡಿ ಮೇಡಂ. ಒಂದು ಚಿಕ್ಕ ಗುದ್ದಲಿ ಕೊಡಿ.”

ಹಿರಿಯರು ಎಲೆಯ ಕಡೆ ನೋಡಲೇ ಇಲ್ಲ. ಕಾಂಡ ಮಣ್ಣು ಸೇರುವ ಕಡೆ ಕುಕ್ಕರುಗಾಲಲ್ಲಿ ಕೂತರು. “ಮಾವಿನ ಬುಡ ನೆಲದ ಹತ್ತಿರ ಬಂದ ಹಾಗೆ ಅಗಲ ಆಗಬೇಕು. ಬೇರು ಕವಲೊಡೆಯೋದು ಕಣ್ಣಿಗೆ ಕಾಣಬೇಕು. ಇದು ದೀಪದ ಕಂಬ ಹೂತ ಹಾಗೆ ನೆಟ್ಟಗೆ ಒಳಗೆ ಹೋಗಿದೆ. ಅಂದರೆ ನಿಜವಾದ ಬುಡ ಇನ್ನೂ ಕೆಳಗಿದೆ.”

ಗುದ್ದಲಿಯಲ್ಲಿ ಮೇಲಿನ ಮಣ್ಣು ಸಡಿಲಿಸಿ, ಆಮೇಲೆ ಬರಿಗೈಯಲ್ಲೇ ಬಗೆದರು. ಅರ್ಧ ಅಡಿ ಇಳಿದ ಮೇಲೆ ಕಸಿ ಕಟ್ಟಿದ ಗಂಟು ಸಿಕ್ಕಿತು. ಅದರ ಸುತ್ತಲಿನ ತೊಗಟೆ ಕಪ್ಪಗೆ ತೇವವಾಗಿತ್ತು, ಹೆಬ್ಬೆರಳ ಉಗುರು ಒತ್ತಿದರೆ ಒಳಕ್ಕೆ ಇಳಿಯುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು. ಅಲ್ಲಿಂದ ನಾಲ್ಕು ಬೆರಳು ಮೇಲೆ ಕೆರೆದಾಗ ಹಸಿರು ಕಾಣಿಸಿತು. ಇನ್ನೂ ಸ್ವಲ್ಪ ಬಗೆದಾಗ ಬೆರಳು ಗಾತ್ರದ ಒಂದು ಬೇರು ಕಾಂಡವನ್ನು ಅರ್ಧ ಸುತ್ತು ಬಳಸಿಕೊಂಡು ಬಿಗಿಯಾಗಿ ಕೂತಿರುವುದು ಕಂಡಿತು.

“ಹಸಿರು ಇರೋದರಿಂದ ಗಿಡ ಬದುಕಿದೆ. ಈ ಬೇರು ನರ್ಸರಿಯ ಕಪ್ಪು ಕವರಿನಲ್ಲಿ ಇದ್ದಾಗಲೇ ಸುತ್ತಿಕೊಂಡದ್ದು. ನೆಡುವಾಗ ಬಿಡಿಸಲಿಲ್ಲ, ಅದು ಹಾಗೇ ದಪ್ಪ ಆಯಿತು. ಜೊತೆಗೆ ಪ್ರತಿ ವರ್ಷ ಗೊಬ್ಬರ, ಮಣ್ಣು ಅಂತ ಬುಡಕ್ಕೆ ಏರಿಸಿದ್ದೀರಿ. ಬೇರಿಗೆ ತೇವ ಬೇಕು, ಕಾಂಡದ ತೊಗಟೆಗೆ ಬೇಡ. ಅದು ಗಾಳಿಯಲ್ಲಿ ಒಣಗಿರಬೇಕಾದ ಭಾಗ. ಸದಾ ಒದ್ದೆ ಮಣ್ಣಿನಲ್ಲಿ ಹೂತರೆ ಕೊಳೆಯುತ್ತೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ತೊಗಟೆಯ ಮೂಲಕ. ಆ ದಾರಿ ಕಟ್ಟಿದರೆ ಬೇರು ಹಸಿದು ಸಾಯುತ್ತೆ.”

“ಹಾಗಾದರೆ ನಾನು ಹಾಕಿದ ಗೊಬ್ಬರ?”

“ಬೇರೇ ಸೊರಗಿರುವಾಗ ಗೊಬ್ಬರ ಹೀರಿಕೊಳ್ಳೋರು ಯಾರು? ಅದು ಮಣ್ಣಿನಲ್ಲಿ ಉಪ್ಪಾಗಿ ಕೂರುತ್ತೆ. ಉಳಿದಿರೋ ಬೇರನ್ನೂ ಸುಡುತ್ತೆ.”

ಅವರು ಹೇಳಿಕೊಟ್ಟ ಚಿಕಿತ್ಸೆ ಸರಳವಾಗಿತ್ತು. ಬೇರು ಕವಲೊಡೆಯುವ ಜಾಗ ಕಾಣುವವರೆಗೆ ಮಣ್ಣು ತೆಗೆಯಬೇಕು. ಸುತ್ತಿಕೊಂಡ ಬೇರನ್ನು ಚೂಪಾದ ಉಳಿಯಿಂದ ಕತ್ತರಿಸಿ ಬಿಡಿಸಬೇಕು. ಕೊಳೆತ ತೊಗಟೆಯನ್ನು ಆರೋಗ್ಯವಾದ ಅಂಚು ಸಿಗುವವರೆಗೆ ಹೆರೆದು, ಎರಡು ದಿನ ಬಿಸಿಲು ಗಾಳಿ ಆಡಲು ಬಿಟ್ಟು, ಬೋರ್ಡೋ ಮುಲಾಮು ಹಚ್ಚಬೇಕು. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಎರಡನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿದರೆ ಮುಲಾಮು ಸಿದ್ಧ. ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ ಒಂದು ಚಾಕುವಿನ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

“ಅಡಿಕೆಗೆ ಹೊಡೀತಾರಲ್ಲ, ಅದೇ ಬೋರ್ಡೋನಾ ಸರ್? ನನ್ನ ತವರು ತೀರ್ಥಹಳ್ಳಿ ಕಡೆ.”

“ಅದೇ. ಅಡಿಕೆಗೆ ತೆಳುವಾಗಿ ಸಿಂಪಡಿಸ್ತಾರೆ, ಇಲ್ಲಿ ಗಟ್ಟಿಯಾಗಿ ಬಳಿಯೋದು.” ಹಿರಿಯರಿಗೆ ಈ ವಿಷಯ ಬಂದರೆ ಉತ್ಸಾಹ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದಿದ್ದುದನ್ನು ಗಮನಿಸಿದ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಈ ದ್ರಾವಣವನ್ನು ಜಗತ್ತಿಗೆ ತಿಳಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದರ ಹಿಂದೆ ಫೈಟಾಫ್ತೊರಾ ಎಂಬ ಶಿಲೀಂಧ್ರ ಇದೆಯೆಂದು 1910ರಲ್ಲಿ ಪ್ರಕಟಿಸಿದರು. ಮಳೆಗೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವ ಪದ್ಧತಿಗೆ ತಳಹದಿ ಅವರದು.

“ಫೈಟಾಫ್ತೊರಾ ಹೆಸರು ನೆನಪಿಟ್ಟುಕೊಳ್ಳಿ. ನಿಮ್ಮ ಬೆಣ್ಣೆಹಣ್ಣಿನ ಗಿಡದ ಹತ್ತಿರ ಮತ್ತೆ ಬರುತ್ತೆ,” ಎಂದು ಎದ್ದು ಕೈ ಕೊಡವಿದರು.

ಮಾವಿನ ಎಲೆಯ ತುದಿ ಸುಟ್ಟಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅದು ಗೊತ್ತಾದದ್ದು ನೀರಿನ ವಿಚಾರ ಬಂದಾಗ. ಮನೆಗೆ ಬೋರ್‌ವೆಲ್ ನೀರು. ಅಡುಗೆಮನೆಯ ಆರ್‌ಒ ಯಂತ್ರ ಹೊರಹಾಕುವ ನೀರು ವ್ಯರ್ಥವಾಗಬಾರದೆಂದು ಆಕೆ ದಿನವೂ ಅದನ್ನು ಬಕೆಟ್ಟಿನಲ್ಲಿ ಹಿಡಿದು ಮಾವಿಗೆ ಹಾಕುತ್ತಿದ್ದರು.

“ಆರ್‌ಒ ಯಂತ್ರ ಉಪ್ಪನ್ನು ನಾಶ ಮಾಡಲ್ಲ ಮೇಡಂ. ನೀವು ಕುಡಿಯೋ ನೀರಿನಿಂದ ತೆಗೆದು ಹೊರಹಾಕೋ ನೀರಿಗೆ ಸೇರಿಸುತ್ತೆ. ಬೋರ್‌ವೆಲ್ ನೀರಿಗಿಂತಲೂ ಅದು ಗಡುಸು. ಮಾವಿಗೆ ಉಪ್ಪು ಸೇರೋದಿಲ್ಲ. ಹೀರಿದ ಉಪ್ಪು ಎಲೆಯ ತುದಿಯಲ್ಲಿ ಹೋಗಿ ನಿಲ್ಲುತ್ತೆ, ತುದಿ ಸುಡುತ್ತೆ. ಆ ನೀರಲ್ಲಿ ನೆಲ ಒರೆಸಿ, ಅಂಗಳ ತೊಳೆಯಿರಿ. ವಾಷಿಂಗ್ ಮೆಷಿನ್ ನೀರೂ ಅಷ್ಟೇ, ಸೋಡಿಯಂ ಜಾಸ್ತಿ. ಗಿಡಕ್ಕೆ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಈಗ ಬೀಳೋ ಮಳೆಯನ್ನು ಚಾವಣಿಯ ಪೈಪಿನಿಂದ ಒಂದೆರಡು ಸಲ ಈ ಪಾತಿಗೆ ಹರಿಸಿ. ಕೂತ ಉಪ್ಪು ತೊಳೆದು ಕೆಳಗಿಳಿಯುತ್ತೆ.”

“ಬುಡಕ್ಕೇ ಹರಿಸಲಾ?”

“ಬುಡಕ್ಕಲ್ಲ. ಮಧ್ಯಾಹ್ನ ಗಿಡದ ನೆರಳು ಎಲ್ಲಿಯವರೆಗೆ ಬೀಳುತ್ತೋ ಆ ಅಂಚಿಗೆ. ನೀರು ಹೀರೋ ಎಳೆಬೇರು ಹೆಚ್ಚಾಗಿ ಇರೋದು ಅಲ್ಲಿ, ಅದೂ ಮೇಲಿನ ಎರಡಡಿ ಮಣ್ಣಿನಲ್ಲಿ. ಗೊಬ್ಬರ ಹಾಕೋದೂ ಅಲ್ಲೇ.” ಆ ಅಂಚಿನಲ್ಲಿ ಇಂಟರ್‌ಲಾಕ್ ಟೈಲ್ಸ್ ಹಾಸಿತ್ತು. ಗಿಡದ ಕಡೆಯ ಎರಡು ಸಾಲು ಟೈಲ್ಸ್ ಕೀಳಿಸಿದರೆ ಬೇರಿಗೆ ಉಸಿರು ಬರುತ್ತದೆ ಎಂದರು ಹಿರಿಯರು. ಆಕೆ ಕಾರು ತಿರುಗಿಸುವ ಜಾಗವನ್ನು ಒಮ್ಮೆ ಕಣ್ಣಳತೆಯಲ್ಲಿ ನೋಡಿ ಒಪ್ಪಿಕೊಂಡರು.

ಮಾವಿಗೆ ನೀರು ಹಾಕುವುದರಷ್ಟೇ ನಿಲ್ಲಿಸುವುದೂ ಮುಖ್ಯ. ಬಲಿತ ಮರಕ್ಕೆ ಅಕ್ಟೋಬರ್ ಸುಮಾರಿಗೆ ನೀರು ನಿಲ್ಲಿಸಿ, ಹೂ ಬಿಟ್ಟು ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ಶುರು ಮಾಡುವುದು ಬೆಳೆಗಾರರ ಪದ್ಧತಿ. ಆ ಒಣಹವೆ, ರಾತ್ರಿಯ ಚಳಿ ಎರಡೂ ಸೇರಿ ಮೊಗ್ಗನ್ನು ಹೂವಿನ ಕಡೆಗೆ ತಿರುಗಿಸುತ್ತವೆ. ಮನೆಯಂಗಳದ ಮಾವು ವರ್ಷವಿಡೀ ನೀರು ಕುಡಿದು ಚಿಗುರುತ್ತಲೇ ಇರುತ್ತದೆ, ಹೂ ಬಿಡುವುದನ್ನು ಮುಂದೂಡುತ್ತದೆ.

ನಿಂಬೆಯ ಕತೆ ಎಲೆಯಲ್ಲೇ ಬರೆದಿತ್ತು. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು.

“ಹಳೇ ಎಲೆ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕವೋ ಮೆಗ್ನೀಸಿಯಮ್ಮೋ ಕಡಿಮೆ. ಗಿಡ ಅದನ್ನು ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತೆ. ಕಬ್ಬಿಣ, ಸತುವನ್ನು ಹಾಗೆ ಸಾಗಿಸೋಕೆ ಬರಲ್ಲ, ಅದಕ್ಕೇ ಕೊರತೆ ಚಿಗುರಿನಲ್ಲಿ ಕಾಣುತ್ತೆ,” ಎಂದ ಹಿರಿಯರು ಕಾಲಿನಲ್ಲಿ ಮಣ್ಣು ಕೆದಕಿದರು. ಒಡೆದ ಇಟ್ಟಿಗೆ, ಗಾರೆಯ ಚೂರು ಮೇಲೆ ಬಂದವು. “ಮನೆ ಕಟ್ಟಿದ ಮೇಲೆ ಉಳಿದದ್ದನ್ನೆಲ್ಲ ಇಲ್ಲೇ ಹೂತಿದ್ದಾರೆ. ಸಿಮೆಂಟು, ಸುಣ್ಣ ಸೇರಿ ಮಣ್ಣು ಕ್ಷಾರ ಆಗಿದೆ. ಕಬ್ಬಿಣ ಮಣ್ಣಲ್ಲಿ ಇದ್ದರೂ ಬೇರಿಗೆ ದಕ್ಕೋದಿಲ್ಲ.”

ಇಂಥ ಕಡೆ ಬೇರಿಗೆ ಕೊಡುವುದಕ್ಕಿಂತ ಎಲೆಗೆ ಸಿಂಪಡಿಸುವುದು ಬೇಗ ಫಲ ಕೊಡುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವು, ಬಾಳೆ, ನಿಂಬೆ ಜಾತಿಗೆ ಬೇರೆ ಬೇರೆ ಲಘುಪೋಷಕಾಂಶಗಳ ಮಿಶ್ರಣ ರೂಪಿಸಿದೆ. ರೈತರ ಬಾಯಲ್ಲಿ ಅವು ಮ್ಯಾಂಗೋ ಸ್ಪೆಷಲ್, ಬನಾನಾ ಸ್ಪೆಷಲ್, ಸಿಟ್ರಸ್ ಸ್ಪೆಷಲ್. ಗಡುಸು ನೀರಾದರೆ ನಿಂಬೆರಸ ಹಿಂಡಿ, ದ್ರಾವಣ ಎಲೆಗೆ ಅಂಟಲು ಒಂದಿಷ್ಟು ಶಾಂಪೂ ಸೇರಿಸಿ ಹೊಡೆಯುವುದು ರೂಢಿ. ಅದು ತಾತ್ಕಾಲಿಕ ಆಸರೆ ಅಷ್ಟೆ. ಗಾರೆ ಚೂರು ಆರಿಸಿ ತೆಗೆದು, ಎಲೆಗೊಬ್ಬರ ತುಂಬಿ ಮಣ್ಣನ್ನು ಸರಿಪಡಿಸುವ ಕೆಲಸ ಜೊತೆಜೊತೆಗೇ ನಡೆಯಬೇಕು.

ಇಬ್ಬರೂ ಬೆಣ್ಣೆಹಣ್ಣಿನ ಗಿಡದ ಹತ್ತಿರ ಬಂದರು. ಎಲೆಗಳು ಚಿಕ್ಕದಾಗಿ, ಮಂಕಾಗಿ ಜೋತುಬಿದ್ದಿದ್ದವು. ಮಣ್ಣು ಒದ್ದೆಯಾಗೇ ಇತ್ತು.

“ಬಾಡಿದೆ ಅಂತ ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕ್ತಾ ಇದ್ದೆ.”

“ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದರೆ ಬೇರು ಕೊಳೀತಿದೆ ಅಂತಲೇ ತಿಳೀಬೇಕು. ಇಲ್ಲಿ ನೋಡಿ.” ಮೇಲುಮಣ್ಣಿನಿಂದ ಎಳೆದ ಒಂದೆರಡು ಬೇರೆಳೆ ಕಪ್ಪಗಿದ್ದವು, ಮುಟ್ಟಿದರೆ ಪುಡಿಯಾದವು. ಆರೋಗ್ಯವಂತ ಬೇರು ಕೆನೆಬಣ್ಣದ್ದಾಗಿ ಮುರಿದರೆ ಟಕ್ಕನೆ ತುಂಡಾಗುತ್ತದೆ. “ಕೋಲ್ಮನ್ ಅಡಿಕೆಯಲ್ಲಿ ಕಂಡರಲ್ಲ, ಆ ಫೈಟಾಫ್ತೊರಾದ ದಾಯಾದಿ ಇದು. ಅದರ ಬೀಜಕಣಗಳು ನಿಂತ ನೀರಿನಲ್ಲಿ ಈಜಿ ಬೇರಿನ ತುದಿ ಹುಡುಕಿಕೊಂಡು ಹೋಗ್ತವೆ. ನೀವು ಹೆಚ್ಚು ನೀರು ಹಾಕಿದಷ್ಟೂ ಅವುಕ್ಕೆ ಅನುಕೂಲ.”

“ಹಾಗಾದರೆ ಕಿತ್ತು ಹಾಕಬೇಕಾ?”

“ಕೀಳೋ ಕಾಲ ಬಂದಿಲ್ಲ. ಆಸ್ಟ್ರೇಲಿಯಾದವರು ಕಂಡುಕೊಂಡ ಒಂದು ಸಂಗತಿ ಹೇಳ್ತೀನಿ ಕೇಳಿ.” ಕ್ವೀನ್ಸ್‌ಲ್ಯಾಂಡಿನ ಟ್ಯಾಂಬೊರಿನ್ ಬೆಟ್ಟದ ಒಂದು ತೋಟದ ಮಣ್ಣಿನಲ್ಲಿ ಈ ಶಿಲೀಂಧ್ರ ಇದ್ದರೂ ಬೆಣ್ಣೆಹಣ್ಣಿನ ಮರಗಳು ಸೊಂಪಾಗಿದ್ದವು. ಆ ರೈತ ಮಳೆಕಾಡಿನ ನೆಲದಂತೆ ತೋಟದ ನೆಲವನ್ನು ಎಂದೂ ಬರಿದಾಗಿ ಬಿಡುತ್ತಿರಲಿಲ್ಲ. ಹಸಿರೆಲೆ ಬೆಳೆ, ಹುಲ್ಲಿನ ಹೊದಿಕೆ, ಕೋಳಿಗೊಬ್ಬರ, ಡಾಲೊಮೈಟ್ ಸುಣ್ಣ ಕೊಡುತ್ತಲೇ ಇದ್ದ. ಬ್ರಾಡ್‌ಬೆಂಟ್ ಮತ್ತು ಬೇಕರ್ ಎಂಬ ವಿಜ್ಞಾನಿಗಳು ಇಂಥ ಮಣ್ಣನ್ನು ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. ಸಾವಯವ ಅಂಶ, ಸುಣ್ಣದ ಅಂಶ ಸಮೃದ್ಧವಾಗಿದ್ದಲ್ಲಿ ಬೇರೆ ಸೂಕ್ಷ್ಮಜೀವಿಗಳು ದಟ್ಟವಾಗಿ ಬೆಳೆದು ಈ ಶಿಲೀಂಧ್ರವನ್ನು ತಲೆ ಎತ್ತಲು ಬಿಡುವುದಿಲ್ಲ.

“ಇಲ್ಲಿ ಮಾಡೋದು ಅದನ್ನೇ. ಮೊದಲು ನೀರು ಹೊರಹೋಗೋಕೆ ಒಂದು ಕಾಲುವೆ ತೆಗೀರಿ. ನಾಲ್ಕು ಬೆರಳು ದಪ್ಪ ತರಗೆಲೆ, ಒಣಹುಲ್ಲು, ಮರದ ಚಕ್ಕೆ ಹಾಸಿ. ಕಾಂಡದಿಂದ ಒಂದಡಿ ದೂರ ಬಿಡಿ, ಮಾವಿನ ಕತೆ ಇಲ್ಲಿ ಆಗೋದು ಬೇಡ. ಅಗೆಯೋಕೆ ಹೋಗಬೇಡಿ, ಬೇರೆಲ್ಲ ಮೇಲೇ ಇರುತ್ತೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು.”

“ನಾವು ಬಿದ್ದ ಎಲೆಯನ್ನೆಲ್ಲ ಗುಡಿಸಿ ಬೀದಿ ಕೊನೆಯಲ್ಲಿ ಸುಡ್ತೀವಿ ಸರ್.”

“ಇಡೀ ಬಡಾವಣೆ ಮಾಡೋದು ಅದನ್ನೇ. ಮರ ತನಗೆ ಅಂತ ಉದುರಿಸಿಕೊಂಡದ್ದನ್ನ ಸುಟ್ಟು, ಆಮೇಲೆ ಚೀಲದ ಗೊಬ್ಬರ ಕೊಂಡು ತರ್ತೀವಿ,” ಎಂದರು ಹಿರಿಯರು. ಅವರ ದನಿಯಲ್ಲಿ ನೋವಿತ್ತು.

ಪರಂಗಿಯ ವಿಷಯದಲ್ಲಿ ಮಾತ್ರ ಅವರು ಆಸೆ ತೋರಿಸಲಿಲ್ಲ. ಅಲ್ಲಿ ಎರಡು ಗಿಡ ಇದ್ದವು. ಒಂದರ ಎಲೆಯಡಿ ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಮೆತ್ತಿತ್ತು. ಇನ್ನೊಂದರ ಎಲೆಗಳು ದಾರದ ಹಾಗೆ ಸಪೂರವಾಗಿ ತಿರುಚಿಕೊಂಡಿದ್ದವು, ಕಾಯಿಯ ಮೇಲೆ ಉಂಗುರದ ಗುರುತು.

“ಮೊದಲನೇದು ಬದುಕುತ್ತೆ, ಎರಡನೇದು ಇಲ್ಲ. ಇದು ಉಂಗುರಚುಕ್ಕೆ ನಂಜು. ವೈರಸ್ಸಿಗೆ ಔಷಧಿ ಇಲ್ಲ. ಸಸ್ಯಹೇನುಗಳು ಒಂದು ಗಿಡ ಚುಚ್ಚಿ ಇನ್ನೊಂದಕ್ಕೆ ಹೋದರೆ ಸಾಕು, ಹರಡುತ್ತೆ.” ಹವಾಯಿಯ ಮುಖ್ಯ ಪರಂಗಿ ಸೀಮೆ ಪುನಾಕ್ಕೆ ಇದೇ ನಂಜು 1992ರಲ್ಲಿ ಹೊಕ್ಕು ತೋಟಗಳನ್ನು ಬರಿದು ಮಾಡಿತ್ತು. ಅಲ್ಲಿ ಕೃಷಿ ಚೇತರಿಸಿಕೊಂಡದ್ದು ಡೆನಿಸ್ ಗೊನ್ಸಾಲ್ವೆಸ್ ತಂಡ ರೂಪಿಸಿದ ಕುಲಾಂತರಿ ತಳಿ 1998ರಲ್ಲಿ ರೈತರ ಕೈಸೇರಿದ ಮೇಲೆ. “ಗಿಡ ಕಿತ್ತು ಹೂತುಬಿಡಿ. ಅದನ್ನು ಉಳಿಸಿಕೊಂಡರೆ ಪಕ್ಕದ ಮನೆಯವರ ಗಿಡವೂ ಹೋಗುತ್ತೆ.”

“ಈ ಬಿಳೀ ಹುಳಕ್ಕೆ ಔಷಧಿ ಹೊಡೆದರೂ ಹೋಗ್ಲಿಲ್ಲ.”

“ಹೊಡೆದದ್ದಕ್ಕೇ ಹೋಗ್ಲಿಲ್ಲ.” ಮೆಕ್ಸಿಕೊ ಮೂಲದ ಈ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪರಂಗಿಯಿಂದ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಕೀಟನಾಶಕ ಅದರ ಮೇಣದ ಹೊದಿಕೆಯನ್ನು ದಾಟಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಎಂಬ ಕಿರುಕಣಜವನ್ನು ತರಿಸಿ, ಸಾಕಿ, ಬಿಡುಗಡೆ ಮಾಡಿತು. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಕಣಜ ತಿಗಣೆಯ ಒಡಲಲ್ಲೇ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದ ತಿಂದು ಹೊರಬರುತ್ತದೆ. ಬಿಟ್ಟ ಕಡೆಗಳಲ್ಲಿ ತಿಂಗಳುಗಳೊಳಗೆ ಪಿಡುಗು ತಗ್ಗಿತು. “ನೀವು ವಿಷ ಹೊಡೆದರೆ ಸಾಯೋದು ಆ ಕಣಜ. ನೀರಿನ ಪೈಪಿನಲ್ಲಿ ಜೋರಾಗಿ ತೊಳೆದು, ಸಾಬೂನಿನ ನೀರು ಹೊಡೀರಿ. ಕಾಂಡ ಹತ್ತೋ ಇರುವೆಯನ್ನು ತಡೀರಿ. ತಿಗಣೆಯ ಜೇನಿಗಾಗಿ ಇರುವೆ ಅದಕ್ಕೆ ಕಾವಲು ನಿಲ್ಲುತ್ತೆ.”

ಸಪೋಟದ ಮುಂದೆ ಆಕೆ ಸ್ವಲ್ಪ ಹೆಮ್ಮೆಯಿಂದಲೇ ನಿಂತರು. ಗಿಡ ಎತ್ತರವಾಗಿತ್ತು, ಹಸಿರಾಗಿತ್ತು. ಕಾಯಿ ಮಾತ್ರ ಇಲ್ಲ.

ಹಿರಿಯರು ಎರಡು ಎಲೆ ಕಿತ್ತು ಅಂಗೈ ಮೇಲಿಟ್ಟರು. ಒಂದರ ತುದಿ ಚೂಪು. ಇನ್ನೊಂದು ದಪ್ಪ, ತುದಿಯಲ್ಲಿ ಸಣ್ಣ ಕಚ್ಚು. “ಸಪೋಟವನ್ನು ಖಿರ್ನಿಯ ಬೇರುಗಿಡಕ್ಕೆ ಕಸಿ ಕಟ್ತಾರೆ. ಚೂಪು ಎಲೆ ಸಪೋಟದ್ದು, ಕಚ್ಚು ಇರೋದು ಖಿರ್ನಿಯದು. ಕಸಿಯ ಗಂಟಿನ ಕೆಳಗಿಂದ ಖಿರ್ನಿ ಚಿಗುರಿ ದೊಡ್ಡದಾಗಿದೆ, ಸಪೋಟ ಈ ಒಂದು ಕೊಂಬೆಯಲ್ಲಿ ಮಾತ್ರ ಉಳಿದಿದೆ. ಖಿರ್ನಿಯನ್ನು ಒಂದೇ ಸಲ ಕಡಿಯಬೇಡಿ, ಬೇರಿಗೆ ಆಹಾರ ಒಮ್ಮೆಗೇ ನಿಂತುಹೋಗುತ್ತೆ. ಈ ವರ್ಷ ಅರ್ಧ, ಬರೋ ವರ್ಷ ಅರ್ಧ. ಆಮೇಲೆ ಗಂಟಿನ ಕೆಳಗೆ ಚಿಗುರು ಕಂಡ ದಿನವೇ ಬೆರಳಲ್ಲಿ ಮುರಿದುಬಿಡಿ.”

ಸೀಬೆಗೆ ಬೇಕಾದದ್ದು ಕತ್ತರಿ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ವರ್ಷಗಟ್ಟಲೆ ಸವರದೆ ಬಿಟ್ಟ ಗಿಡದ ಒಳಗೆ ಬೆಳಕೇ ಇಳಿಯುವುದಿಲ್ಲ, ಕಾಯಿ ಕೈಗೆಟುಕದ ತುದಿಯಲ್ಲಿ ಒಂದೆರಡು ನಿಲ್ಲುತ್ತದೆ. ಕೊಂಬೆಯ ತುದಿ ಸವರಿ, ನಡುವಿನ ಒಣರೆಂಬೆ ತೆಗೆದು, ನೆಟ್ಟಗಿರುವ ಕೊಂಬೆಗಳನ್ನು ಹಗ್ಗ ಕಟ್ಟಿ ಬಾಗಿಸಿದರೆ ಪಕ್ಕದ ಮೊಗ್ಗುಗಳೆಲ್ಲ ಎಚ್ಚರವಾಗುತ್ತವೆ.

ಅಷ್ಟರಲ್ಲಿ ಕಾಂಪೌಂಡಿನಾಚೆಯ ಹಳೆಯ ಬಾದಾಮಿ ಮಾವಿನ ಮರ ಹಿರಿಯರ ಕಣ್ಣಿಗೆ ಬಿತ್ತು. ಎತ್ತರದ ಕೊಂಬೆಗಳ ಮೇಲೆ ಬೇರೆಯದೇ ಹಸಿರಿನ ಪೊದೆಗಳು ಕೂತಿದ್ದವು.

“ಅದು ಬಂದಳಿಕೆ. ಪಕ್ಕದವರಿಗೆ ಹೇಳಿ. ಬದನಿಕೆ ಹಕ್ಕಿ ಹಣ್ಣು ತಿಂದು, ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತೆ. ಅದು ಮೊಳೆತು ಮರದ ನೀರು ಹೀರುತ್ತೆ. ಹಣ್ಣು ಬಿಡೋ ಮುಂಚೆ, ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆ ಸಮೇತ ಕತ್ತರಿಸಬೇಕು. ಬರೀ ಪೊದೆ ಕಿತ್ತರೆ ಮತ್ತೆ ಚಿಗುರುತ್ತೆ.”

“ಅವರು ಮರವನ್ನೇ ಕಡಿಸೋಣ ಅಂತಿದ್ದಾರೆ ಸರ್. ಫಲ ಬರ್ತಿಲ್ಲ, ಬರೀ ಕಸ ಅಂತ.”

“ಕಡಿಸೋದಕ್ಕೆ ಬಿಡಬೇಡಿ!” ಲಖನೌದ ಕೇಂದ್ರೀಯ ಉಪೋಷ್ಣವಲಯ ತೋಟಗಾರಿಕಾ ಸಂಸ್ಥೆ ಇಂಥ ಮುದಿ ಮಾವಿನ ಮರಗಳಿಗೆಂದೇ ಪುನಶ್ಚೇತನದ ವಿಧಾನ ರೂಪಿಸಿದೆ. ಚಳಿಗಾಲದಲ್ಲಿ ಮುಖ್ಯ ಕೊಂಬೆಗಳನ್ನು ನಾಲ್ಕೈದು ಮೀಟರ್ ಎತ್ತರದಲ್ಲಿ ಕತ್ತರಿಸಿ, ಗಾಯಕ್ಕೆ ತಾಮ್ರದ ಮುಲಾಮು ಬಳಿದು, ಒತ್ತೊತ್ತಾಗಿ ಬರುವ ಚಿಗುರುಗಳಲ್ಲಿ ಗಟ್ಟಿಯಾದ ಕೆಲವನ್ನಷ್ಟೇ ಉಳಿಸಿದರೆ ಎರಡು ಮೂರು ವರ್ಷಕ್ಕೆ ಮರ ಮತ್ತೆ ಫಲಕ್ಕೆ ಬರುತ್ತದೆ. ಕತ್ತರಿಸಿದ ಮರಕ್ಕೆ ಕಾಂಡ ಕೊರೆಯುವ ಹುಳು ಬರುವ ಸಂಭವ ಜಾಸ್ತಿ. ಬುಡದಲ್ಲಿ ಮರದ ಪುಡಿ ಉದುರಿದ್ದು ಕಂಡರೆ ರಂಧ್ರ ಹುಡುಕಿ, ಸೈಕಲ್ ಕಡ್ಡಿಯಿಂದ ಹುಳವನ್ನು ಎಳೆದು ತೆಗೆದು, ಜೇಡಿಮಣ್ಣು ಮೆತ್ತಬೇಕು. “ನೆರಳು, ಹಕ್ಕಿ, ಹಣ್ಣು ಎಲ್ಲ ಕೊಟ್ಟ ಮರ ಅದು. ಒಂದು ದಿನ ಕೂಲಿಯವರನ್ನು ಕರೆಸಿ, ನಾನೇ ಬಂದು ನಿಂತು ಸವರಿಸ್ತೀನಿ.”

ಆಕೆ ಕೈಯಲ್ಲಿದ್ದ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ತಲೆಯೆತ್ತಿ ಕೇಳಿದರು: “ಗೊಬ್ಬರ ಯಾವಾಗ ಹಾಕಲಿ?”

“ಹೊಸ ಚಿಗುರು ಬಂದು, ಎಲೆ ಬಲಿತು, ಇನ್ನೊಂದು ಸುತ್ತು ಚಿಗುರಿದ ಮೇಲೆ. ಅಲ್ಲಿಯವರೆಗೆ ತರಗೆಲೆ ಸಾಕು.”

“ಪರಂಗಿ ಕಿತ್ತ ಜಾಗಕ್ಕೆ ಏನು ನೆಡಲಿ ಸರ್?”

“ಗಿಡ ಆಮೇಲೆ ಆರಿಸೋಣ. ಮಳೆ ನಿಂತು ಎರಡು ದಿನ ಆದ ಮೇಲೆ ಅಲ್ಲಿ ಒಂದಡಿ ಆಳದ ಗುಂಡಿ ತೋಡಿ, ಬಾಯಿಮಟ್ಟ ನೀರು ತುಂಬಿಸಿ. ಮೊದಲ ಸಲದ ನೀರು ಲೆಕ್ಕಕ್ಕಿಲ್ಲ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ ಗಡಿಯಾರ ನೋಡಿ. ಮಧ್ಯಾಹ್ನದೊಳಗೆ ಇಂಗಿದರೆ ಯಾವ ಹಣ್ಣಿನ ಗಿಡವಾದರೂ ಸರಿ. ಮಾರನೇ ದಿನವೂ ನೀರು ನಿಂತಿದ್ದರೆ ಒಂದೂವರೆ ಅಡಿ ದಿಬ್ಬ ಏರಿಸಿ, ಅದರ ನೆತ್ತಿ ಮೇಲೆ ನೆಡೋದು. ಈ ಸಲ ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ.”